ಪುರ್ಕಿಂಜೆ: ಮಿದುಳಿನ ‘ಬ್ರೇಕ್’ ಕೋಶವನ್ನು ಕಂಡರೂ ಅದರ ಕೆಲಸ ತಿಳಿಯದೇ ಹೋದ ವಿಜ್ಞಾನಿ

ಮಿದುಳಿನ ಒಂದು ಮೂಲೆಯಲ್ಲಿ ‘ಗಾಬಾ’ ಎಂಬ ಶಾಂತಿಯ ರಾಸಾಯನಿಕವಿದೆ, ಅದರ ಮಾತ್ರೆ ನುಂಗಿದರೆ ಚಿಂತೆಯೆಲ್ಲ ಮಾಯ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಯಾನ್ ಪುರ್ಕಿಂಜೆಯ ಕತೆ ಓದಿ.

ಪುರ್ಕಿಂಜೆ ಹುಟ್ಟಿದ್ದು 1787ರಲ್ಲಿ, ಇಂದಿನ ಚೆಕ್ ದೇಶದ ಲಿಬೊಖೊವಿತ್ಸೆಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮನೆಪಾಠ ಹೇಳುತ್ತಾ ದುಡಿದ ಹುಡುಗ ಮುಂದೆ ಪ್ರಾಗ್‌ನಲ್ಲಿ ವೈದ್ಯನಾದ. 1823ರಲ್ಲಿ ಬ್ರೆಸ್ಲಾವ್‌ನಲ್ಲಿ ಪ್ರಾಧ್ಯಾಪಕನಾದ ಆತ, ಅದೇ ವರ್ಷ ಬೆರಳಚ್ಚುಗಳನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದ. ಔಷಧಗಳ ಪರಿಣಾಮ ತಿಳಿಯಲು ಡಿಜಿಟಾಲಿಸ್, ಬೆಲ್ಲಡೋನಾದಂಥ ವಿಷಕಾರಿ ಗಿಡಗಳ ಸಾರವನ್ನು ತಾನೇ ಸೇವಿಸಿದ. ಅದನ್ನು ನೀವು ಖಂಡಿತ ಮಾಡಬೇಡಿ!

1832ರಲ್ಲಿ ಅವನ ಕೈಗೆ ಒಳ್ಳೆಯ ಮೈಕ್ರೋಸ್ಕೋಪ್ ಬಂತು. 1837ರಲ್ಲಿ ಕಿರುಮಿದುಳಿನಲ್ಲಿ ಸಾಲಾಗಿ ನಿಂತ, ಹೂಜಿಯಾಕಾರದ ದೊಡ್ಡ ಕೋಶಗಳನ್ನು ವಿವರಿಸಿದ. ಅವು ಏನು ಮಾಡುತ್ತವೆ ಎಂಬುದು ಗೊತ್ತಾಗುವ ಮೊದಲೇ, 1869ರಲ್ಲಿ ತೀರಿಕೊಂಡ.

ಉತ್ತರದ ಮೊದಲ ಸುಳಿವು ಸಿಕ್ಕಿದ್ದು 81 ವರ್ಷಗಳ ನಂತರ. 1950ರಲ್ಲಿ ಯೂಜೀನ್ ರಾಬರ್ಟ್ಸ್ ಮತ್ತು ಸಂಗಡಿಗರು ಮೌಸ್ ಎಂಬ ಪುಟ್ಟ ಇಲಿಯ ಮಿದುಳಿನಲ್ಲಿ ಗಾಬಾ ಕಂಡರು. 1960ರ ದಶಕದಲ್ಲಿ ಜಪಾನಿನ ಮಸಾವೊ ಇಟೊ ತಂಡ, ಪುರ್ಕಿಂಜೆ ಕೋಶಗಳು ಮುಂದಿನ ಕೋಶಗಳನ್ನು ಕೆರಳಿಸುವುದಿಲ್ಲ, ತಡೆಯುತ್ತವೆ ಎಂದು ತೋರಿಸಿತು. 1970ರ ದಶಕದಲ್ಲಿ ಇಲಿಯ ಕಿರುಮಿದುಳಿನಲ್ಲಿ ಗಾಬಾ ತಯಾರಿಸುವ ಕಿಣ್ವವನ್ನು ಗುರುತಿಸಿದಾಗ, ಅದು ಈ ಕೋಶಗಳಲ್ಲೂ ಸಿಕ್ಕಿತು.

ಹಾಗಾದರೆ ಗಾಬಾ ಇರುವುದು ಕಿರುಮಿದುಳಿನಲ್ಲಷ್ಟೇ ಅಲ್ಲ. ಇಲಿಯ ಮಿದುಳಿನ ಹೊರಪದರ, ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್, ವಾಸನೆ ಗ್ರಹಿಸುವ ಭಾಗ, ಎಲ್ಲೆಡೆಯೂ ಇದೆ. ಚಲನೆ ನಿಯಂತ್ರಿಸುವ ಸ್ಟ್ರಯೇಟಮ್‌ನಲ್ಲಂತೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನರಕೋಶಗಳು ಗಾಬಾ ಕೋಶಗಳೇ. ನಮ್ಮ ಮಿದುಳಿನಲ್ಲೂ ಗಾಬಾ ಹೀಗೆಯೇ ಹರಡಿಕೊಂಡಿದೆ.

ಇದು ‘ಶಾಂತಿ ಕೇಂದ್ರ’ವಲ್ಲ, ಮಿದುಳಿನ ತುಂಬ ಹರಡಿದ ಬ್ರೇಕ್. ಬ್ರೇಕ್ ಸೋತರೆ ಫಿಟ್ಸ್ ಬರಬಹುದು. ಫಿಟ್ಸ್‌ನ ಹಲವು ಔಷಧಗಳು ಗಾಬಾದ ಕೆಲಸಕ್ಕೇ ಬಲ ಕೊಡುತ್ತವೆ. ಆದರೆ ಬಾಯಲ್ಲಿ ನುಂಗಿದ ಗಾಬಾ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಯಾವುದೋ ಸಂದೇಶ ನಂಬಿ ವೈದ್ಯರು ಕೊಟ್ಟ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.