ವಿಶ್ವೇಶ್ವರಯ್ಯನವರು ಪಾಸು ಮಾಡಿದ ಪರೀಕ್ಷೆಗಳು

ಸ್ಮರಣ ಸಂಚಿಕೆಯ ಸಮಿತಿಯವರು ಫೋನು ಮಾಡಿ, ನೀನು ಇಂಜಿನಿಯರ್ ಅಲ್ಲವೇ, ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಲೇಖನ ಬರೆದುಕೊಡು ಎಂದರು. ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ. ಕಲ್ಲು ಗಾರೆ ಕಂಡವನಲ್ಲ. ಆದರೂ ಒಪ್ಪಿಕೊಂಡೆ. ನಾವು ಓದುವಾಗ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮೈಸೂರು ಪೇಟ ಧರಿಸಿದ ಅವರ ಫೋಟೋ ಇತ್ತು. ಪ್ರಾರ್ಥನೆಗೆ ತಡವಾಗಿ ಬಂದವರು ಅದರ ಕೆಳಗೇ ನಿಲ್ಲಬೇಕಿತ್ತು. ನಾನು ಎಷ್ಟು ಸಲ ನಿಂತಿದ್ದೇನೆಂದು ನನ್ನ ಸಹಪಾಠಿಗಳಿಗೆ ಗೊತ್ತು.

ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕು, ಇವೆಲ್ಲ ಪ್ರತಿ ಸೆಪ್ಟೆಂಬರ್ 15ರಂದು ಭಾಷಣದಲ್ಲಿ ಬರುತ್ತವೆ. ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಒಬ್ಬ ಹಳ್ಳಿ ಹುಡುಗ ಸರ್ಕಾರಿ ಇಂಜಿನಿಯರ್ ಹುದ್ದೆಗೆ ಹೇಗೆ ಅರ್ಹನಾದ, ಮುಂದೆ ಅದೇ ಅರ್ಹತೆಯ ಪ್ರಶ್ನೆ ಎದ್ದಾಗ ದಿವಾನ ಪದವಿಯನ್ನೇ ಏಕೆ ಬಿಟ್ಟ ಎಂಬುದಷ್ಟೇ ನನ್ನ ವಿಷಯ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ಮನೆಮಾತು ತೆಲುಗು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಮಗ ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠ ಮುಗಿಸಿ, ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಯಲ್ಲಿ ಮುಂದಕ್ಕೆ ಓದಿದರು. ಸೆಂಟ್ರಲ್ ಕಾಲೇಜು ಸೇರಿದ ಮೇಲೆ ಖರ್ಚಿಗಾಗಿ ಒಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಹಾಗೆ ಓದಿ 1881ರಲ್ಲಿ ಬಿ.ಎ. ಪಾಸಾದರು. ಆಗ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯವೂ ಇರಲಿಲ್ಲ, ಇಂಜಿನಿಯರಿಂಗ್ ಕಾಲೇಜೂ ಇರಲಿಲ್ಲ. ಇಂಜಿನಿಯರಿಂಗ್ ಓದಬೇಕಾದರೆ ಸಂಸ್ಥಾನದ ಗಡಿ ದಾಟಿ ಹೋಗಬೇಕು.

ಅದೇ 1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರ ವಂಶಕ್ಕೆ ಹಿಂತಿರುಗಿಸಿದ್ದರು. ರಂಗಾಚಾರ್ಲು ದಿವಾನರಾಗಿದ್ದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ವಿಶ್ವೇಶ್ವರಯ್ಯನವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳಿಸಿತು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರ ಬುದ್ಧಿ ಅವರದೇ, ಶ್ರಮವೂ ಅವರದೇ. ಆದರೆ ರೈಲಿನ ಟಿಕೆಟ್ಟು, ಫೀಸು, ಊಟ ಸರ್ಕಾರದ್ದು.

ಆ ಕಾಲದಲ್ಲಿ ಸರ್ಕಾರಿ ಇಂಜಿನಿಯರ್ ಹುದ್ದೆ ಎಂದರೆ ಏನೆಂದು ಸ್ವಲ್ಪ ಹೇಳಬೇಕು. ಬ್ರಿಟಿಷ್ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಇಂಜಿನಿಯರುಗಳನ್ನು ತಯಾರು ಮಾಡಲೆಂದೇ ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಬಲ್ಲಿ ಒಂದು ಕಾಲೇಜು ನಡೆಯುತ್ತಿತ್ತು. ಮೇಲಿನ ಹುದ್ದೆಗಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅಲ್ಲಿಂದ ಬಂದ ಬಿಳಿಯರು. ಇಲ್ಲಿನ ಕಾಲೇಜುಗಳಲ್ಲಿ ಓದಿದ ಭಾರತೀಯರಿಗೆ ಇದ್ದದ್ದು ಬಹಳ ಕಿರಿದಾದ ಬಾಗಿಲು. ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರಿಂಗ್ ಪರೀಕ್ಷೆಯ ಮೊದಲ ಸ್ಥಾನಕ್ಕೆ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ಖಚಿತವಾಗಿ ಸಿಗುತ್ತಿತ್ತು. ಮೊದಲ ಸ್ಥಾನ ತಪ್ಪಿದರೆ ಆ ಖಾತರಿಯೂ ತಪ್ಪಿತು. ಈಗಿನ ಮಕ್ಕಳು ಒಂದು ರ್‍ಯಾಂಕು ಹಿಂದೆ ಬಿದ್ದರೆ ಬೇರೆ ಕಾಲೇಜು ಹುಡುಕುತ್ತಾರೆ, ಅವರಿಗೆ ಹುಡುಕಲು ಬೇರೆ ಬಾಗಿಲೇ ಕಾಣುತ್ತಿರಲಿಲ್ಲ.

1883ರಲ್ಲಿ ಎಲ್.ಸಿ.ಇ. ಪರೀಕ್ಷೆ ನಡೆಯಿತು. ಈಗಿನ ಬಿ.ಇ.ಗೆ ಸಮ ಎನ್ನಬಹುದು. ವಿಶ್ವೇಶ್ವರಯ್ಯನವರು ಮೊದಲಿಗರಾಗಿ ಪಾಸಾದರು, ಜೇಮ್ಸ್ ಬರ್ಕ್ಲಿ ಹೆಸರಿನ ಬಹುಮಾನವೂ ಬಂತು. 1884ರಲ್ಲಿ ಮುಂಬಯಿ ಸರ್ಕಾರ ಅವರನ್ನು ಅಸಿಸ್ಟೆಂಟ್ ಇಂಜಿನಿಯರ್ ಆಗಿ ನೇಮಿಸಿತು. ಓದಿಸಿದ್ದು ಮೈಸೂರು, ಕೆಲಸ ಕೊಟ್ಟದ್ದು ಮುಂಬಯಿ. ಮೈಸೂರಿನ ಸಾಲ ತೀರಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು.

ಹುದ್ದೆ ಸಿಕ್ಕಿತು, ಅರ್ಹತೆಯ ಪರೀಕ್ಷೆ ಮುಗಿಯಲಿಲ್ಲ. ಮೊದಲ ನೇಮಕ ನಾಸಿಕದ ಕಡೆ, ಆಮೇಲೆ ಖಾನದೇಶದ ಧುಳೆ. ಅಲ್ಲಿ ಒಂದು ಹಳ್ಳಕ್ಕೆ ಅಡ್ಡಲಾಗಿ ಪೈಪು ಸೈಫನ್ ಹಾಕುವ ಕೆಲಸ ಅವರ ಪಾಲಿಗೆ ಬಂತು. ಕಾಲುವೆಯ ನೀರು ಹಳ್ಳವನ್ನು ದಾಟಬೇಕು. ಮೇಲೆ ಸೇತುವೆ ಕಟ್ಟದೆ, ಹಳ್ಳದ ತಳದಲ್ಲೇ ಪೈಪು ಹೂತು ನೀರನ್ನು ಈ ದಡದಿಂದ ಇಳಿಸಿ ಆ ದಡದಲ್ಲಿ ಏರಿಸುವ ಉಪಾಯ ಅದು. ಈ ಬದಿಯ ನೀರಿನ ಮಟ್ಟ ಆ ಬದಿಗಿಂತ ಸ್ವಲ್ಪ ಎತ್ತರವಿದ್ದರೆ ಸಾಕು, ಪಂಪಿಲ್ಲದೆ ನೀರು ತಾನೇ ಏರುತ್ತದೆ. ನಮ್ಮ ವಿಜ್ಞಾನದ ಮೇಷ್ಟ್ರು ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ತುಂಬಿ ತೋರಿಸಿದ್ದು ಇದನ್ನೇ.

ತೊಂದರೆ ಬಂದದ್ದು ಮಳೆಯಿಂದ. ಹಳ್ಳ ಉಕ್ಕಿತು, ಮರಳು ತುಂಬಿತು. ಮಳೆಗಾಲ ಮುಗಿಯುವ ತನಕ ಕೆಲಸ ಮುಂದಕ್ಕೆ ಹಾಕಲು ಅನುಮತಿ ಬೇಕೆಂದು ಮೇಲಧಿಕಾರಿಗೆ ಬರೆದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೇಲಧಿಕಾರಿ ಅದನ್ನು ಹೊಸಬನ ಹಿಂಜರಿಕೆ ಎಂದು ತಿಳಿದು ಅಸಮಾಧಾನಪಟ್ಟರು. ವಿಶ್ವೇಶ್ವರಯ್ಯನವರು ವಾದ ಬೆಳೆಸಲಿಲ್ಲ, ಆ ಮಳೆಯಲ್ಲೇ ಕೆಲಸ ಮುಗಿಸಿದರು. ಅಸಮಾಧಾನಪಟ್ಟವರೇ ಮೆಚ್ಚಿಕೊಂಡರು. ಅದರ ಜೊತೆಗೆ ಇಲಾಖೆಯ ಪರೀಕ್ಷೆಯನ್ನೂ ಬರೆದು ಪಾಸಾದರು. ಎರಡು ವರ್ಷ ತುಂಬುವ ಮೊದಲೇ ಮೇಲಿನ ದರ್ಜೆ ಸಿಕ್ಕಿತು.

ಇಲ್ಲಿ ನನ್ನ ಒಂದು ಮಾತು. ಬಿ.ಇ. ಮುಗಿಸಿದ ವರ್ಷ ನಾನೂ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆ ಪಾಸಾಯಿತು. ಸಂದರ್ಶನದಲ್ಲಿ ಐದು ಜನ ಕೂತಿದ್ದರು. ಮೊದಲ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಅದನ್ನು ಇಂಗ್ಲಿಷಿನಲ್ಲಿ ಕಟ್ಟಿ ಹೇಳುವಷ್ಟರಲ್ಲಿ ಅವರು ಎರಡನೆಯ ಪ್ರಶ್ನೆಗೆ ಹೋಗಿದ್ದರು. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತು ಎಲ್ಲ ಉತ್ತರಗಳನ್ನೂ ಕನ್ನಡದಲ್ಲಿ ನನಗೆ ನಾನೇ ಹೇಳಿಕೊಂಡೆ. ಅರ್ಹತೆ ಎಂಬುದು ಏನು, ಅದನ್ನು ಅಳೆಯುವವರು ಯಾರು ಎಂಬ ಯೋಚನೆ ಅವತ್ತು ಹತ್ತಿದ್ದು, ಇನ್ನೂ ಬಿಟ್ಟಿಲ್ಲ. ಈ ಲೇಖನಕ್ಕಾಗಿ ಓದುವಾಗ ನನ್ನ ಕಣ್ಣು ಅಲ್ಲಿಗೇ ಹೋಗಿದ್ದಕ್ಕೆ ಇದೇ ಕಾರಣ.

ಮುಂಬಯಿ ಸರ್ಕಾರದಲ್ಲಿ ವಿಶ್ವೇಶ್ವರಯ್ಯನವರು ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದರು. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ನದಿಯ ನೀರು ಕೊಡುವ ಯೋಜನೆ ಮಾಡಿದರು. ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ತಾನಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆ ಸುಮಾರು ಎಂಟು ಅಡಿ ಹೆಚ್ಚು ನೀರು ನಿಲ್ಲಿಸಲು ಅದರಿಂದ ಸಾಧ್ಯವಾಯಿತು. ಪ್ರವಾಹ ಬಂದು ನೀರು ಗೊತ್ತಾದ ಮಟ್ಟ ದಾಟಿದರೆ ಬಾಗಿಲು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ರಾತ್ರಿ ಎದ್ದು ಓಡಿಹೋಗಿ ತಿರುಗಿಸುವ ಕಾವಲುಗಾರ ಬೇಕಿಲ್ಲ. ನನ್ನ ಕಸುಬಿನಲ್ಲಿ ನಾವು ಆಟೋಮೇಶನ್ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಅವರು ಕರೆಂಟೂ ಇಲ್ಲದೆ ಮಾಡಿದ್ದರು. ಪೇಟೆಂಟು ಅವರ ಹೆಸರಿನಲ್ಲಿತ್ತು. ಸರ್ಕಾರದ ಕೆಲಸಕ್ಕೆ ಬಳಸಿದ್ದಕ್ಕೆ ರಾಯಧನ ಬೇಡವೆಂದರು.

ಇಷ್ಟೆಲ್ಲ ಆದರೂ ಮುಖ್ಯ ಇಂಜಿನಿಯರ್ ಹುದ್ದೆ ಅವರಿಗೆ ದೂರವೇ ಇತ್ತು. ಅನೇಕ ಹಿರಿಯರನ್ನು ದಾಟಿಸಿ ಅವರಿಗೆ ಬಡ್ತಿ ಕೊಟ್ಟದ್ದರಿಂದ ಇಲಾಖೆಯಲ್ಲಿ ಅಸಮಾಧಾನವೂ ಇತ್ತು. ಭಾರತೀಯನೊಬ್ಬ ಎಷ್ಟೇ ಅರ್ಹನಾದರೂ ಏಣಿಯ ಕೊನೆಯ ಮೆಟ್ಟಿಲು ಬೇರೆಯವರದು. 1908ರಲ್ಲಿ ಅವರು ಆ ಸೇವೆ ಬಿಟ್ಟರು. ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ನಲುಗಿದ್ದ ವರ್ಷ ಅದು. ಅಲ್ಲಿಯ ಕೆಲಸಕ್ಕೆ ಕರೆ ಬಂತು. 1909ರಲ್ಲಿ ಮೈಸೂರು ಅವರನ್ನು ಮುಖ್ಯ ಇಂಜಿನಿಯರ್ ಆಗಿ ಕರೆಯಿತು, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಾನರನ್ನಾಗಿ ಮಾಡಿದರು. ಈಗ ಹುದ್ದೆಗೆ ಅರ್ಹತೆ ಏನೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಅವರೇ ಕೂತಿದ್ದರು. ದಿವಾನರಾಗುವ ಮೊದಲು ನೆಂಟರನ್ನೆಲ್ಲ ಕರೆದು, ಶಿಫಾರಸಿಗೆ ನನ್ನ ಬಳಿ ಬರಕೂಡದು ಎಂದು ಮಾತು ತೆಗೆದುಕೊಂಡರೆಂಬ ಕಥೆ ಎಲ್ಲರಿಗೂ ಗೊತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಪುಣೆಗೆ ಹೋಗಬೇಕಾದ ಕಾಲ ಮುಗಿಯಿತು.

ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಹೆಚ್ಚಿನವು ಬ್ರಾಹ್ಮಣರ ಕೈಯಲ್ಲಿದ್ದವು. ಉಳಿದ ಸಮುದಾಯದವರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ತಮಗೂ ಪಾಲು ಬೇಕೆಂದರು. ಮಹಾರಾಜರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ವಿದ್ಯಾರ್ಥಿವೇತನ ಕೊಟ್ಟು ಓದಿಸೋಣ, ಆದರೆ ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಿರಲಿ ಎಂಬುದು ಅವರ ನಿಲುವು. ಮಹಾರಾಜರು ತಮ್ಮ ನಿರ್ಧಾರ ಬದಲಿಸಲಿಲ್ಲ. ಆ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನ ಪದವಿ ಬಿಟ್ಟರು. ಈ ಭಿನ್ನಾಭಿಪ್ರಾಯ ಅದರ ಮುಖ್ಯ ಕಾರಣಗಳಲ್ಲಿ ಒಂದು. ಮರುವರ್ಷ ಬಂದ ಮಿಲ್ಲರ್ ಸಮಿತಿಯ ವರದಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಇತರ ಸಮುದಾಯದವರಿಗೆ ಸಿಗಬೇಕೆಂದು ಶಿಫಾರಸು ಮಾಡಿತು.

ನಮ್ಮ ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಈ ಭಾಗ ಬರುವುದಿಲ್ಲ. ಬರಬೇಕಿತ್ತು ಎಂದು ನನಗನ್ನಿಸುತ್ತದೆ. ಅವರ ಮಾತಿನಲ್ಲಿ ಸ್ವಾರ್ಥ ಇರಲಿಲ್ಲ. ಬಿಳಿಯರ ಏಣಿಯನ್ನು ಅಂಕಗಳ ಬಲದಿಂದಲೇ ಹತ್ತಿದವರು, ಕೊನೆಗೆ ಅಂಕಕ್ಕೆ ಬೆಲೆಯಿಲ್ಲದ ಮೆಟ್ಟಿಲಲ್ಲಿ ನೋವು ತಿಂದವರು. ಅಂಥವರಿಗೆ ಹುಟ್ಟನ್ನು ಲೆಕ್ಕಕ್ಕೆ ಹಿಡಿಯುವ ಯಾವ ನಿಯಮವೂ ಅನ್ಯಾಯವಾಗಿ ಕಂಡದ್ದು ಸಹಜ. ಆದರೆ ಮುದ್ದೇನಹಳ್ಳಿಯ ಆ ಬಡಮನೆಯಲ್ಲಿ ಅಕ್ಷರ ಇತ್ತು, ಬೆಂಗಳೂರಿನಲ್ಲಿ ಸೋದರಮಾವ ಇದ್ದ. ಅದೇ ಊರಿನ ಕುರುಬರ ಹಟ್ಟಿಯಲ್ಲೋ ಹೊಲೆಗೇರಿಯಲ್ಲೋ ಅಷ್ಟೇ ಬುದ್ಧಿಯ ಹುಡುಗ ಇದ್ದಿದ್ದರೆ ಅವನು 1881ರ ಬಿ.ಎ. ಪರೀಕ್ಷೆಯ ಕೊಠಡಿಯ ತನಕ ಬರುತ್ತಿದ್ದನೇ? ಈ ವಿಷಯದಲ್ಲಿ ನನಗೆ ಮಹಾರಾಜರೇ ಹೆಚ್ಚು ದೂರ ಕಂಡವರು ಎನಿಸುತ್ತದೆ. ಹಿರಿಯರು ಒಪ್ಪದಿದ್ದರೆ ಕ್ಷಮಿಸಬೇಕು. ವಿಶ್ವೇಶ್ವರಯ್ಯನವರ ಮೇಲಿನ ಗೌರವ ಇದರಿಂದ ನನಗೆ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ನಾನು ಹೀಗೆ ಹೇಳುವುದಕ್ಕೆ ನನ್ನದೇ ಕಾರಣವಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಇದೆ. ಪಿಯುಸಿಯ ನಂತರ ಆ ಎರಡು ಪ್ರಮಾಣಪತ್ರಗಳಿಗೆ ಸಹಿ ಬೇಕೆಂದು ಇದೇ ಶಾಲೆಗೆ ಬಂದೆ. ಮುಖ್ಯೋಪಾಧ್ಯಾಯರು ತಾಲ್ಲೂಕು ಕೇಂದ್ರಕ್ಕೆ ಸಭೆಗೆಂದು ಹೊರಟಿದ್ದವರು, ಬಸ್ಸು ಬಿಟ್ಟು ಮೇಜಿನ ಮುಂದೆ ಕೂತು, ದಾಖಲಾತಿ ಪುಸ್ತಕ ತೆಗೆಸಿ, ಒಂದೊಂದು ವರ್ಷವನ್ನೂ ಬೆರಳಿಟ್ಟು ನೋಡಿ ಸಹಿ ಹಾಕಿದರು. ನಾನು ಕಾಯುತ್ತ ನಿಂತದ್ದು ಆ ಪೇಟದ ಫೋಟೋದ ಕೆಳಗೇ.

ವಿಶ್ವೇಶ್ವರಯ್ಯನವರು ಆಮೇಲೂ ನಾಲ್ಕು ದಶಕ ಕೆಲಸ ಮಾಡಿದರು. 1955ರಲ್ಲಿ ಭಾರತರತ್ನ ಬಂತು. ನೂರು ದಾಟಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. 1917ರಲ್ಲಿ ಅವರು ಆರಂಭಿಸಿದ ಇಂಜಿನಿಯರಿಂಗ್ ಕಾಲೇಜು ಈಗ ಅವರದೇ ಹೆಸರಿನಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದಲ್ಲಿದೆ. ನಮ್ಮ ಬ್ಯಾಚಿನಿಂದ ಇಬ್ಬರು ಅಲ್ಲಿ ಬಿ.ಇ. ಓದಿದೆವು. ಇಬ್ಬರಿಗೂ ಸೀಟು ಸಿಕ್ಕಿದ್ದು ಗ್ರಾಮೀಣ ಕೋಟಾದಲ್ಲಿ.