ಇಬ್ನು ಸೀನಾ ಮತ್ತು ಮನಸ್ಸಿನ ಏರಿಳಿತ

ದಾವಣಗೆರೆಯ ನಿಮ್ಮ ಮನೆಯ ಹುಡುಗ ವಾರಗಟ್ಟಲೆ ನಿದ್ದೆಯಿಲ್ಲದೆ ಮಾತಾಡುತ್ತಾನೆ, ಸಾಲ ಮಾಡಿ ಹಣ ಚೆಲ್ಲುತ್ತಾನೆ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳುವುದಿಲ್ಲ ಎಂದಿಟ್ಟುಕೊಳ್ಳಿ. ಜಿನ್ನ್ ಹಿಡಿದಿದೆಯೆಂದು ತಾಯಿತಕ್ಕೆ ಓಡುವ ಮುನ್ನ ಇಬ್ನು ಸೀನಾರನ್ನು ನೆನೆಯಿರಿ.

ಕ್ರಿ.ಶ. 980ರಲ್ಲಿ ಬುಖಾರಾದ ಬಳಿ ಹುಟ್ಟಿದ ಅವರು ಹತ್ತನೇ ವಯಸ್ಸಿಗೇ ಕುರ್‌ಆನ್ ಕಲಿತು ಮುಗಿಸಿದ್ದರು. ಹದಿಹರೆಯದಲ್ಲೇ ದೊರೆ ನೂಹ್ ಬಿನ್ ಮನ್ಸೂರ್‌ಗೆ ಚಿಕಿತ್ಸೆ ನೀಡಿ ಅರಮನೆಯ ಗ್ರಂಥಾಲಯ ಸೇರಿದರು. ಮುಂದೆ ಅಲೆದಾಟ, ಸೆರೆಮನೆ. ಇಂತಹ ಬಾಳಿನಲ್ಲಿಯೇ 'ಅಲ್ ಖಾನೂನ್' ಬರೆದರು. ಅದರಲ್ಲಿ ವಿಷಾದಕ್ಕೆ ಮಾಲೀಖೂಲಿಯಾ ಎಂಬ ಹೆಸರು; ಅದಕ್ಕೆ ಚಡಪಡಿಕೆ, ಆಕ್ರಮಣ ಬೆರೆತರೆ ಮಾನಿಯಾ. ಕೆಲವು ವೈದ್ಯರು ಜಿನ್ನ್ ಕಾರಣವೆಂದಾಗ ಅವರು ಜಗಳಕ್ಕಿಳಿಯಲಿಲ್ಲ. ಜಿನ್ನ್‌ನಿಂದಲೇ ಆಗಲಿ, ದೇಹದಲ್ಲಿ ಕಪ್ಪುಪಿತ್ತ ಕೆಟ್ಟೇ ರೋಗ ಬರುವುದು, ವೈದ್ಯನಿಗೆ ಅಷ್ಟು ಸಾಕೆಂದರು. ಎಷ್ಟು ಜಾಣ ಉತ್ತರ! 1037ರಲ್ಲಿ ಹಮದಾನ್‌ನಲ್ಲಿ ತೀರಿಕೊಂಡರು.

ಕಪ್ಪುಪಿತ್ತದ ವಾದವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಉನ್ಮಾದ-ಖಿನ್ನತೆ ಎನ್ನುತ್ತಿದ್ದುದಕ್ಕೆ 1980ರ ಅಮೆರಿಕದ ಕೈಪಿಡಿ ಬೈಪೋಲಾರ್ ಎಂಬ ಹೆಸರಿಟ್ಟಿತು. ಉನ್ಮಾದಕ್ಕೆ ಲಿಥಿಯಂ ಪ್ರಯೋಜನಕಾರಿಯೆಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿದರು. ಹರಿಹರದವರಿಗೂ ದಾವಣಗೆರೆಯ ಮನೋವೈದ್ಯರು ದೂರವೇನಲ್ಲ. ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ಲಿಥಿಯಂ ಸೇವಿಸುವವರು ರಮಝಾನ್ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೇರಬಹುದು.