ಕಾರ್ಬೆಟ್ ಮತ್ತು ತೋಟಾದ ಲೆಕ್ಕ

ಬಂದೂಕಿನ ಪರವಾನಗಿ ಕೋರಿ ಬರುತ್ತಿದ್ದವರನ್ನು ನನ್ನ ಸೇವಾವಧಿಯಲ್ಲಿ ಬಹಳಷ್ಟು ಕಂಡಿದ್ದೇನೆ. ಎಷ್ಟು ಬೋರಿನದು ಒಳ್ಳೆಯದು, ಯಾವ ತೋಟಾ ಹೆಚ್ಚು ಬಲವಾದದ್ದು ಎಂಬುದೇ ಹೆಚ್ಚಿನವರ ಪ್ರಶ್ನೆ. ಹಾರಿದ ಗುಂಡು ಎಲ್ಲಿಗೆ ಹೋಯಿತೆಂದು ನೋಡುವ ಹೊಣೆ ಯಾರದೆಂದು ಕೇಳಿದವರು ವಿರಳ. ಈ ಎರಡಕ್ಕೂ ಜಿಮ್ ಕಾರ್ಬೆಟ್ ಅವರ ಬದುಕಿನಲ್ಲಿ ಉತ್ತರವಿದೆ.

1875ರಲ್ಲಿ ನೈನಿತಾಲ್‌ನಲ್ಲಿ ಜನಿಸಿದ ಕಾರ್ಬೆಟ್, ಅಲ್ಲಿನ ಪೋಸ್ಟ್ ಮಾಸ್ಟರರ ಮಗ. ಬಾಲ್ಯದಲ್ಲಿ ಅವರಿಗೆ ದೊರೆತದ್ದು ಒಂದು ನಳಿಗೆ ಬಿರಿದಿದ್ದ, ಬಾಯಿಯಿಂದ ಮದ್ದು ತುಂಬುವ ಹಳೆಯ ಜೋಡುನಳಿಗೆಯ ಕೋವಿ. ಮದ್ದುಗುಂಡು ಸುಲಭವಾಗಿ ಸಿಗುತ್ತಿರಲಿಲ್ಲ. ಒಂದೊಂದು ಗುಂಡಿಗೂ ಲೆಕ್ಕವಿಡುವ ಶಿಸ್ತು ಅವರಿಗೆ ಆಗಲೇ ಬಂತು. ಕೊರತೆಯೇ ಮಿತವ್ಯಯದ ಗುರು ಎಂಬುದನ್ನು ಅರ್ಥಶಾಸ್ತ್ರ ಓದಿದ ನಾನು ಇಲ್ಲಿ ಕಾಣುತ್ತೇನೆ. ಮುಂದೆ ಅವರು ಗಂಗಾತೀರದ ಮೊಕಾಮಾ ಘಾಟ್‌ನಲ್ಲಿ ರೈಲ್ವೆ ಸರಕು ಸಾಗಣೆಯ ಗುತ್ತಿಗೆದಾರರಾಗಿ ಎರಡು ದಶಕ ದುಡಿದರು.

1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಲ್ಲುವ ಹೊಣೆ ಅವರ ಮೇಲೆ ಬಿತ್ತು. ನೇಪಾಳ ಮತ್ತು ಕುಮಾಂವ್‌ಗಳಲ್ಲಿ ಅದು 436 ಜನರನ್ನು ಬಲಿ ಪಡೆದಿತ್ತೆಂಬುದು ಅಂದಿನ ಲೆಕ್ಕ. ಹುಲಿಯನ್ನು ಎಬ್ಬಿಸಲು ಸುಮಾರು 300 ಜನರನ್ನು ಕೂಡಿಸಿದವರು ಅಲ್ಲಿನ ತಹಶೀಲ್ದಾರರು. ಪರವಾನಗಿಯಿಲ್ಲದ ಕೋವಿಗಳನ್ನೂ ತರಬಹುದು, ಮದ್ದುಗುಂಡು ತಾವೇ ಕೊಡುವುದಾಗಿ ಅವರು ಸಾರಿದ್ದರು. ಯಾವ ಕಡತದಲ್ಲೂ ಬರೆಯಲಾಗದ ಆದೇಶವದು. ಆದರೆ ಆಡಳಿತದ ವಿವೇಕ ಅದರಲ್ಲಿತ್ತು.

ಕಾರ್ಬೆಟ್ ಕೈಯಲ್ಲಿದ್ದುದು .500 ಬೋರಿನ ಭಾರಿ ರೈಫಲ್. ತಂದದ್ದು ಮೂರೇ ತೋಟಾ. ಮೂರೂ ಮುಗಿದಾಗ ಗಾಯಗೊಂಡ ಹುಲಿ ಎದುರಿಗಿತ್ತು. ಅವರು ಓಡಿಹೋಗಿ ತಹಶೀಲ್ದಾರರ ಹಳೆಯ, ಸಡಿಲ ಕೋವಿಯನ್ನು ಪಡೆದು ಬಂದರು. ಬಾಯಿಗೆ ಗುರಿಯಿಟ್ಟ ಗುಂಡು ಮುಂಗಾಲಿಗೆ ತಗುಲಿತು. ಮೊದಲ ಪೆಟ್ಟುಗಳಿಂದಲೇ ಕುಗ್ಗಿದ್ದ ಹುಲಿ ಅಲ್ಲಿಯೇ ಉರುಳಿತು.

ಅದರ ಬಾಯಿ ತೆರೆದು ನೋಡಿದಾಗ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಿಂದೆಂದೋ, ಯಾರೋ ಹಾರಿಸಿದ ಗುಂಡಿನ ಫಲ. ಸಹಜ ಬೇಟೆ ಹಿಡಿಯಲಾಗದೆ ಹುಲಿ ಮನುಷ್ಯನತ್ತ ತಿರುಗಿತ್ತು. ಗುರಿ ತಪ್ಪಿದ ಒಂದು ಗುಂಡಿನ ಬೆಲೆಯನ್ನು ನೂರಾರು ಬಡ ಕುಟುಂಬಗಳು ತೆತ್ತವು.

ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ತಹಶೀಲ್ದಾರರಿಗೆ ಒಂದು ಬಂದೂಕನ್ನೂ ಕಾರ್ಬೆಟ್‌ಗೆ .275 ರಿಗ್ಬಿ ರೈಫಲನ್ನೂ ನೀಡಿ ಗೌರವಿಸಿದರು. .275 ಎಂದರೆ ನಳಿಗೆಯ ಒಳವ್ಯಾಸ ಅಂಗುಲದ ಸಾವಿರದಲ್ಲಿ 275 ಭಾಗ. ಜರ್ಮನಿಯ 7 ಮಿಲಿಮೀಟರ್ ಮೌಸರ್ ತೋಟಾಕ್ಕೇ ಇಂಗ್ಲಿಷರು ಕೊಟ್ಟ ಹೆಸರದು. ಅದರ 140 ಗ್ರೇನ್ ಗುಂಡು ಒಂಬತ್ತು ಗ್ರಾಂ ತೂಗುತ್ತದೆ. ನಮ್ಮ 12 ಬೋರಿನ ಲೆಕ್ಕವೇ ಬೇರೆ: ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಮಾಡಿದರೆ ಒಂದರ ಗಾತ್ರ ಎಷ್ಟೋ, ನಳಿಗೆಯ ಅಗಲ ಅಷ್ಟು. ಹೀಗಾಗಿ ಅಲ್ಲಿ ಸಂಖ್ಯೆ ಕಿರಿದಾದಷ್ಟೂ ನಳಿಗೆ ಹಿರಿದು. ಅಳತೆಯ ಈ ಅಂಕಿಗಳು ನಳಿಗೆಯ ಪರಿಚಯ ಹೇಳುತ್ತವೆಯೇ ಹೊರತು ಹಿಡಿದವನ ಪರಿಚಯವನ್ನಲ್ಲ. 125 ಜನರನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆಯನ್ನು 1926ರಲ್ಲಿ ಕಾರ್ಬೆಟ್ ಕೊಂದದ್ದು ಆ ಸಣ್ಣ ರೈಫಲಿನಿಂದಲೇ.

ಬಳಿಕ ಅವರು ಕ್ಯಾಮೆರಾ ಹಿಡಿದು ಹುಲಿಗಳ ಚಿತ್ರ ತೆಗೆದರು. ದೇಶದ ಮೊದಲ ರಾಷ್ಟ್ರೀಯ ಉದ್ಯಾನ 1936ರಲ್ಲಿ ರೂಪುಗೊಳ್ಳುವುದಕ್ಕೆ ನೆರವಾದರು. 1947ರಲ್ಲಿ ಕೆನ್ಯಾಕ್ಕೆ ತೆರಳಿ, 1955ರಲ್ಲಿ ಅಲ್ಲಿಯೇ ನಿಧನರಾದರು. ಆ ಉದ್ಯಾನಕ್ಕೆ ಇಂದು ಅವರದೇ ಹೆಸರಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲವನ್ನು ಮುಗಿಸಿತು. ಬೆಳೆ ರಕ್ಷಣೆಯ ಕೋವಿಗಳು ನಮ್ಮ ಮಲೆನಾಡಿನ ಮನೆಗಳಲ್ಲಿ ಇಂದಿಗೂ ಇವೆ. ಗಾಯಗೊಂಡು ಕಾಡು ಸೇರಿದ ಪ್ರಾಣಿ ಮರಳಿ ಬರುವಾಗ ಗುಂಡು ಹಾರಿಸಿದವನ ಮನೆಗೇ ಬರುವುದಿಲ್ಲ. ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳ ಎದುರು ನಿಲ್ಲಬಹುದು. ಪರವಾನಗಿಯ ಅರ್ಜಿಯಲ್ಲಿ ಬೋರಿಗೆ ಒಂದು ಅಂಕಣವಿದ್ದರೆ ಸಾಲದು, ಈ ಹೊಣೆಯನ್ನು ತಿಳಿಹೇಳುವ ವ್ಯವಸ್ಥೆಯೂ ಬೇಕು.